ಉಪ್ಪುನೀರಿನ ರೀಫ್ ಟ್ಯಾಂಕ್ ಮನೆ ಬದಲಿಸುವಾಗ: ಕಾರವಾರದಿಂದ ಘಟ್ಟ ಹತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ ವರ್ಗಾವಣೆಯ ಊರು. ಕೈಗಾ ಅಣುಸ್ಥಾವರದವರು, ಸೀಬರ್ಡ್ ನೌಕಾನೆಲೆಯವರು, ಬ್ಯಾಂಕಿನವರು, ಹೀಗೆ ಕೆಲವು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವರು ಇಲ್ಲಿ ಬಹಳ. ಮಂಚ, ಕಪಾಟು, ಫ್ರಿಜ್ಜು ಎಲ್ಲ ಲಾರಿ ಹತ್ತಿದ ಮೇಲೂ ಹಾಲ್‌ನಲ್ಲಿ ನೀಲಿ ಬೆಳಕು ಹಾಕಿಕೊಂಡು ಕೂತಿರುತ್ತದೆ ಸಮುದ್ರದ ಮೀನು, ಹವಳ ಸಾಕುವ ರೀಫ್ ಟ್ಯಾಂಕ್. ನನ್ನದು ನಾಲ್ಕು ಅಡಿ ಉದ್ದದ್ದು, 250 ಲೀಟರಿನದು. ಕೋಡಿಬಾಗದ ಬಾಡಿಗೆ ಮನೆಯಿಂದ ಶಿರಸಿಗೆ ಹೋಯಿತು. ಆಮೇಲೆ ಗೆಳೆಯರ ಮೂರು ಟ್ಯಾಂಕುಗಳಿಗೂ ಬಕೆಟ್ ಹೊತ್ತಿದ್ದೇನೆ. ಫೋನಿನಲ್ಲಿ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವನ್ನೇ.

ಅರ್ಧ ನೀರು ತೆಗೆದು ಟ್ಯಾಂಕನ್ನು ಹಾಗೇ ಎತ್ತಿ ಗಾಡಿಗೆ ಇಟ್ಟರೆ ಆಗದೇ?

ಆಗದು. ನಾಲ್ಕು ಬೆರಳು ನೀರು ಬಿಟ್ಟರೂ ಆಗದು. ಮಟ್ಟಸವಾದ ಸ್ಟ್ಯಾಂಡಿನ ಮೇಲೆ ಕೂತಾಗ ನೀರಿನ ಒತ್ತಡ ತಡೆಯುವುದಕ್ಕೆ ಅಂಟಿಸಿದ ಸಿಲಿಕಾನ್ ಅದು. ಇಬ್ಬರು ಎತ್ತಿ, ಒಬ್ಬನ ಕೈ ಒಂದಿಂಚು ಕೆಳಗಾದರೆ ಗಾಜು ತಿರುಚಿಕೊಳ್ಳುತ್ತದೆ, ನೀರು ಒಂದೇ ಕಡೆ ಓಡುತ್ತದೆ. ಸೀಳು ಅವತ್ತೇ ಕಾಣುವುದಿಲ್ಲ. ಹೊಸ ಮನೆಯಲ್ಲಿ ತುಂಬಿಸಿ ಮಲಗಿದ ಮೇಲೆ ಕಾಣುತ್ತದೆ. ಕಲ್ಲು, ಮರಳು, ನೀರು ಎಲ್ಲ ಹೊರಗೆ ಬಂದು ಖಾಲಿ ಗಾಜು ಮಾತ್ರ ಹೋಗಬೇಕು. ಅಡಿಗೆ ಥರ್ಮಾಕೋಲ್ ಹಾಳೆ, ಸುತ್ತ ಹಳೇ ಕಂಬಳಿ ಇರಲಿ. ಒಳಗೆ ಪಂಪು, ಪೈಪು ತುರುಕಬೇಡಿ.

ಹಾಗಾದರೆ ನಿಜವಾಗಿ ಕಾಪಾಡಬೇಕಾದ್ದು ಯಾವುದನ್ನು? ನೀರನ್ನೇ?

ಕಲ್ಲನ್ನು. ಉಳಿದ ಎಲ್ಲ ಉತ್ತರಗಳೂ ಇದರ ಮೇಲೇ ನಿಂತಿವೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೀನಿನ ಗಲೀಜಿನಿಂದ ಅಮೋನಿಯಾ ಆಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇವು ನೀರಿನಲ್ಲಿ ತೇಲಿಕೊಂಡಿರುವುದು ತೀರಾ ಕಡಿಮೆ. ಕಲ್ಲಿನ ಮೈಗೆ, ಅದರ ತೂತುಗಳ ಒಳಗೆ, ಮರಳಿನ ಕಣಕ್ಕೆ ಅಂಟಿಕೊಂಡೇ ಇರುತ್ತವೆ. ಲೈವ್ ರಾಕ್ ಅನ್ನುವುದು ಇದಕ್ಕೇ. ನನ್ನ ಕಲ್ಲುಗಳು ಮೂಲದಲ್ಲಿ ಸಿಮೆಂಟಿನವು. ಎರಡು ವರ್ಷ ಟ್ಯಾಂಕಿನಲ್ಲಿದ್ದು ಜೀವ ಬಂದವು. ಈ ಕಲ್ಲು ಒಣಗಿದರೆ, ಬಿಸಿಲಿಗೆ ಕಾದರೆ, ಮುಚ್ಚಿದ ಬಕೆಟ್ಟಿನಲ್ಲಿ ಗಾಳಿಯಿಲ್ಲದೆ ದಿನಗಟ್ಟಲೆ ಕೂತರೆ ಒಳಗಿನದೆಲ್ಲ ಸಾಯುತ್ತದೆ. ಆಮೇಲೆ ಅಮೋನಿಯಾ ಕರಗಿಸಬೇಕಾದ ಕಲ್ಲೇ ಅಮೋನಿಯಾ ಬಿಡಲು ಶುರು ಮಾಡುತ್ತದೆ. ಕಲ್ಲು ಒದ್ದೆಯಾಗಿ, ಬೆಚ್ಚಗೆ, ಗಾಳಿಯಾಡುವ ನೀರಿನಲ್ಲಿ ಬಂದರೆ ನೀವು ತಂದದ್ದು ಹಳೇ ಟ್ಯಾಂಕನ್ನೇ. ಗಾಜು ಬದಲಾದರೂ ಅಡ್ಡಿಯಿಲ್ಲ.

ಹಳೇ ನೀರು ಪೂರ್ತಿ ಒಯ್ಯಬೇಕೇ?

ಅರ್ಧದಿಂದ ಮುಕ್ಕಾಲು ಸಾಕು. ಮೀನು, ಹವಳಗಳಿಗೆ ಏಕಾಏಕಿ ಬದಲಾವಣೆ ಆಗದಿರಲಿ ಅಂತ ಇಷ್ಟು. ಮರಳು, ಕಲ್ಲು ಕದಡುವ ಮೊದಲೇ ತಿಳಿನೀರನ್ನು ಸೈಫನ್ ಪೈಪಿನಲ್ಲಿ ಇಳಿಸಿಕೊಳ್ಳಿ. ತಳದ ಕದಡಿದ ನೀರು ಚರಂಡಿಗೆ ಹೋಗಲಿ, ತೆಂಗಿನ ಬುಡಕ್ಕೂ ಬೇಡ.

ಉಳಿದ ಪಾಲಿಗೆ ಹೊಸ ಉಪ್ಪುನೀರು ಎರಡು ದಿನ ಮೊದಲೇ ಹೊಸ ಮನೆಯಲ್ಲಿ ತಯಾರಿರಬೇಕು. ಲೀಟರಿಗೆ 35ರಿಂದ 38 ಗ್ರಾಂ ಮರೈನ್ ಸಾಲ್ಟ್ (ಇಂಥ ಟ್ಯಾಂಕಿಗೆಂದೇ ಮಾರುವ ಪ್ಯಾಕೆಟ್ ಉಪ್ಪು), ಒಂದು ದಿನ ಪಂಪು ಹಾಕಿ ತಿರುಗಿಸಿ, 26 ಡಿಗ್ರಿ ಉಷ್ಣತೆಗೆ ತಂದು, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ನೋಡಿಕೊಳ್ಳುವುದು. ಅಡುಗೆಮನೆಯ ಆರ್‌ಒ ನೀರನ್ನು ಕಣ್ಣುಮುಚ್ಚಿ ನಂಬಬೇಡಿ. ರುಚಿಗೆಂದು ಸ್ವಲ್ಪ ಹಸಿ ನೀರು ಬೆರೆಸುವ ಯಂತ್ರಗಳೇ ಹೆಚ್ಚು. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ಇರಬೇಕು.

ಮನೆ ಮುಂದೇ ಸಮುದ್ರ. ಆ ನೀರನ್ನೇ ತುಂಬಿಕೊಂಡರೆ?

ಕಾಲ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಕಾಳಿ ನದಿ ಕೆಂಪುನೀರು ತಂದು ಸುರಿಯುವಾಗ ದಂಡೆಯ ನೀರಿನಲ್ಲಿ ಉಪ್ಪಿನಂಶ ಇಳಿದಿರುತ್ತದೆ, ಕೆಸರೂ ಇರುತ್ತದೆ. ಬೈತಖೋಲ್ ಬಂದರಿನ ಹತ್ತಿರದ ನೀರಿಗೆ ಯಾವ ಕಾಲದಲ್ಲೂ ಡೀಸೆಲ್ಲಿನ ಭಯ. ಫೆಬ್ರವರಿ, ಮಾರ್ಚಿನಲ್ಲಿ, ಭರತಿಯ ಹೊತ್ತಿಗೆ, ಅಳಿವೆಯಿಂದ ದೂರ, ಪರಿಚಯದ ದೋಣಿಯವರು ಹೊರಗಿನಿಂದ ತಂದುಕೊಟ್ಟರೆ ಬಳಸಬಹುದು. ನಾನು ಒಂದು ಸಲ ಬಳಸಿದ್ದೇನೆ. ಬಟ್ಟೆಯಲ್ಲಿ ಸೋಸಿ, ಮುಚ್ಚಿ, ಕತ್ತಲೆಯಲ್ಲಿ ಇಟ್ಟು, ಉಪ್ಪಿನಂಶ ಅಳೆದ ಮೇಲೇ. ಆದರೂ ಮನೆ ಬದಲಿಸುವ ದಿನದಂತಹ ಸೂಕ್ಷ್ಮ ಹೊತ್ತಿನಲ್ಲಿ ಗೊತ್ತಿಲ್ಲದ ನೀರು ಯಾಕೆ? ಪ್ಯಾಕೆಟ್ ಉಪ್ಪು ದುಬಾರಿ ನಿಜ, ಅದರಲ್ಲಿ ಪರಾವಲಂಬಿ ಹುಳು ಬರುವುದಿಲ್ಲ.

ಸಾಣಿಕಟ್ಟಾ ಉಪ್ಪೂ ಸಮುದ್ರದ್ದೇ ತಾನೇ?

ಈ ಪ್ರಶ್ನೆ ಕೇಳದ ಕುಮಟಾದವನನ್ನು ನಾನು ಕಂಡಿಲ್ಲ! ಗೋಕರ್ಣದ ಹತ್ತಿರದ ಆ ಗದ್ದೆಗಳ ಉಪ್ಪು ಊಟಕ್ಕೆ ಒಳ್ಳೆಯದು, ಟ್ಯಾಂಕಿಗೆ ಅಲ್ಲ. ಕಾರಣ ಆ ಗದ್ದೆಯಲ್ಲೇ ಇದೆ. ಸಮುದ್ರದ ನೀರು ಬಿಸಿಲಿಗೆ ಇಂಗುತ್ತಾ ಹೋದಾಗ ಎಲ್ಲ ಲವಣಗಳೂ ಒಟ್ಟಿಗೆ ಕೂರುವುದಿಲ್ಲ. ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ ತಳ ಸೇರುತ್ತವೆ. ಅಂದರೆ ಕ್ಯಾಲ್ಸಿಯಂ ಹೋಯಿತು. ನಂತರ ಕೂರುವುದು ನಾವು ಬಳಿದು ತರುವ ಉಪ್ಪು, ಬಹುಪಾಲು ಸೋಡಿಯಂ ಕ್ಲೋರೈಡ್. ಮೆಗ್ನೀಷಿಯಂ ಕೊನೆಗೆ ಉಳಿಯುವ ಕಹಿನೀರಿನಲ್ಲೇ ಇರುತ್ತದೆ. ಹವಳಕ್ಕೆ ಬೇಕಾದದ್ದು ಲೀಟರಿಗೆ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ, 1300 ಮಿಲಿಗ್ರಾಂ ಮೆಗ್ನೀಷಿಯಂ. ಗದ್ದೆಯ ಉಪ್ಪು ನೀರಿಗೆ ಹಾಕಿದರೆ ರಿಫ್ರಾಕ್ಟೋಮೀಟರ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಅಪಾಯ ಇರುವುದೇ ಅಲ್ಲಿ.

ಮರಳು?

ಬಿಸಾಡಿ. ಕನಿಕರ ಬೇಡ.

ನಾನು ಬಿಸಾಡಲಿಲ್ಲ. "ಎರಡು ವರ್ಷ ಹಣ್ಣಾದ ಮರಳು" ಅಂತ ಎರಡು ಬಕೆಟ್ ತುಂಬಿಕೊಂಡು ಮುಚ್ಚಳ ಬಿಗಿದು ಒಯ್ದೆ. ಹತ್ತು ಗಂಟೆಯ ಮೇಲೆ ಶಿರಸಿಯಲ್ಲಿ ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ. ತಳದಲ್ಲಿ ಕಪ್ಪು ಗೆರೆ. ಸುಸ್ತಾಗಿತ್ತು, ರಾತ್ರಿಯಾಗಿತ್ತು, ಮೇಲಿನ ಬಿಳಿ ಮರಳು ಚೆನ್ನಾಗಿದೆ ಅನ್ನಿಸಿತು, ಸುರಿದುಬಿಟ್ಟೆ. ಮರುದಿನ ಬೆಳಿಗ್ಗೆ ಅಮೋನಿಯಾ ಟೆಸ್ಟಿನ ಗಾಜಿನ ನಳಿಗೆ ಹಳದಿ ಇರಬೇಕಾದ್ದು ಹಸಿರು. ಮೂರನೇ ದಿನ ಎರಡೂ ಕ್ಲೀನರ್ ಸೀಗಡಿ ಮಗುಚಿಬಿದ್ದಿದ್ದವು. ಆಳದ ಮರಳಿನಲ್ಲಿ ಗಾಳಿಯಿಲ್ಲದ ಕಡೆ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ಸಂದಿಗಳಲ್ಲಿ ವರ್ಷಗಟ್ಟಲೆಯ ಗಲೀಜು ಕೂತಿರುತ್ತದೆ. ಕದಡಿದರೆ ಎಲ್ಲ ಒಟ್ಟಿಗೆ ಮೇಲೆ ಬರುತ್ತದೆ. ಕಲ್ಲಿನಲ್ಲಿ ಬೇಕಾದಷ್ಟು ಬ್ಯಾಕ್ಟೀರಿಯಾ ಇರುವುದರಿಂದ ಅಂಗಡಿಯ ಹೊಸ ಅರಗೊನೈಟ್ (ಸುಣ್ಣದ ಅಂಶದ) ಮರಳು ತೊಳೆದು ಹಾಕಿದರೆ ಸಾಕು. ಬೀಜಕ್ಕೆಂದು ಮೇಲ್ಪದರದ ಒಂದು ಲೋಟ ಹಳೇ ಮರಳು, ಉಪ್ಪುನೀರಿನಲ್ಲಿ ಜಾಲಾಡಿಸಿ ಹಾಕಿ. ಬೀಚಿನ ಮರಳು ತರುವ ಆಲೋಚನೆಯನ್ನೂ ಬಿಡಿ.

ಮೀನು ಹಿಡಿಯುವುದೇ ದೊಡ್ಡ ಯುದ್ಧ. ಉಪಾಯ ಇದೆಯೇ?

ಕಲ್ಲು ಇರುವಾಗ ಬಲೆ ಹಾಕಬೇಡಿ, ಅಷ್ಟೇ ಉಪಾಯ. ಹಿಂದಿನ ಒಂದೂವರೆ ದಿನ ಮೇವು ನಿಲ್ಲಿಸಿ. ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಕೆಡುವುದು ಕಡಿಮೆ. ಹೀಟರ್ ಆರಿಸಿ ಇಪ್ಪತ್ತು ನಿಮಿಷ ಕಾಯಿರಿ, ಇಲ್ಲವಾದರೆ ನೀರು ಇಳಿದಾಗ ಬಿಸಿ ಗಾಜು ಸಿಡಿಯುತ್ತದೆ. ತಿಳಿನೀರು ಇಳಿಸಿ, ಹವಳ ತೆಗೆಯಿರಿ, ಕಲ್ಲು ತೆಗೆಯಿರಿ. ಒಂದು ಗೇಣು ನೀರು ಉಳಿದಾಗ ಮೀನುಗಳು ತಾವೇ ಒಂದು ಮೂಲೆಗೆ ಸೇರುತ್ತವೆ. ಪ್ಲಾಸ್ಟಿಕ್ ಜಗ್ಗಿನಲ್ಲಿ ಮೊಗೆಯಿರಿ. ಟ್ಯಾಂಗ್ ಮೀನಿನ ಬಾಲದ ಬುಡದಲ್ಲಿ ಚಾಕುವಿನಂಥ ಮುಳ್ಳಿದೆ, ಬಲೆಗೆ ಸಿಕ್ಕಿದರೆ ಅದಕ್ಕೂ ನಿಮಗೂ ಗಾಯ.

ಪ್ರತಿ ಕಲ್ಲನ್ನೂ ತಿರುಗಿಸಿ ನೋಡಿ, ತೂತಿನಲ್ಲಿ ಬ್ಲೆನಿ, ಗೋಬಿಯಂಥ ಸಣ್ಣ ಮೀನು ಅಡಗಿರುತ್ತವೆ. ನನ್ನ ಪಿಸ್ತೂಲ್ ಸೀಗಡಿ ಎಲ್ಲೂ ಸಿಗಲಿಲ್ಲ. ಮರಳಿನ ಜೊತೆ ಹೋಗಿರಬೇಕು ಅಂದುಕೊಂಡೆ. ದೇವಿಮನೆ ಘಟ್ಟದಲ್ಲಿ ಡ್ರೈವರ್ ದೇವರಿಗೆ ಕೈಮುಗಿಯಲು ಗಾಡಿ ನಿಲ್ಲಿಸಿದ. ಎಂಜಿನ್ ಆರಿದ ಮೇಲೆ ಹಿಂದಿನಿಂದ "ಟಕ್" ಅಂತ ಒಂದು ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ "ಟಕ್". "ಸರ್, ಬಕೆಟ್ ಒಡೀತಾ ಉಂಟು" ಅಂದ. ಅದು ಕಲ್ಲಿನ ತೂತಿನಲ್ಲಿ ಕೂತು ಚಿಮಟ ಬಡಿಯುತ್ತಿದ್ದ ಸೀಗಡಿ. ಏಳನೇ ನಂಬರಿನ ಬಕೆಟ್. ಬಕೆಟ್ಟಿಗೆ ಮಾರ್ಕರಿನಲ್ಲಿ ನಂಬರ್ ಬರೆದಿದ್ದಕ್ಕೆ ಅವತ್ತು ಖುಷಿಯಾಯಿತು.

ಮೆತ್ತನೆ ಹವಳ, ಅನಿಮೋನ್ (ಕಲ್ಲಿಗಂಟಿ ಬದುಕುವ ಹೂವಿನಂಥ ಪ್ರಾಣಿ) ಹೇಗೆ?

ಲೆದರ್, ಮಶ್ರೂಮ್, ಜೊಯಾಂಥಿಡ್ ಎಂಬ ಮೆತ್ತನೆ ಜಾತಿಗಳನ್ನು ಅಂಟಿಕೊಂಡ ಕಲ್ಲು ಸಮೇತ ಬೇರೆ ಬೇರೆ ಡಬ್ಬಿಗಳಲ್ಲಿ ಇಡಿ, ಒಂದಕ್ಕೊಂದು ತಾಗದಂತೆ. ಅವು ಮುದುಡಿ, ಲೋಳೆ ಬಿಟ್ಟು, ಸತ್ತ ಹಾಗೆ ಕಾಣುತ್ತವೆ. ಲೆದರ್ ಹವಳ ಹೊಸ ಜಾಗದಲ್ಲಿ ವಾರಗಟ್ಟಲೆ ಮೇಣದಂಥ ಪೊರೆ ಹೊದ್ದು ಕೂತು ಆಮೇಲೆ ಪೊರೆ ಕಳಚುತ್ತದೆ. ಹೆದರಿ ಎತ್ತಿ ಬಿಸಾಡಬೇಡಿ.

ಅನಿಮೋನ್ ಪಾದ ಕಲ್ಲಿಗೆ ಹಿಡಿದಿದ್ದರೆ ಕಲ್ಲನ್ನೇ ಎತ್ತಿ. ಗಾಜಿಗೆ ಹಿಡಿದಿದ್ದರೆ ಹೆಬ್ಬೆರಳಿನ ಮೆತ್ತನೆ ಭಾಗದಿಂದ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ, ಉಗುರು ತಾಗಬಾರದು. ಪಾದ ಹರಿದರೆ ಉಳಿಯುವುದು ಕಷ್ಟ. ಅದಕ್ಕೆ ಬೇರೆಯದೇ ಬಕೆಟ್. ಹೊಸ ಟ್ಯಾಂಕಿನಲ್ಲಿ ಅದು ಜಾಗ ಹುಡುಕುತ್ತಾ ಅಲೆಯುತ್ತದೆ, ನೀರು ಕಲಕುವ ಪಂಪಿಗೆ, ಅಂದರೆ ವೇವ್‌ಮೇಕರಿಗೆ, ಸಿಕ್ಕರೆ ಚಟ್ನಿ. ಪಂಪಿನ ಬಾಯಿಗೆ ಸ್ಪಂಜು ಕಟ್ಟಿ.

ಒಂದು ಎಚ್ಚರಿಕೆ, ಇದನ್ನು ತಮಾಷೆ ಮಾಡಬೇಡಿ. ಕೆಲವು ಜೊಯಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. "ಸ್ವಚ್ಛ ಆಗಲಿ" ಅಂತ ಆ ಕಲ್ಲಿಗೆ ಕುದಿಯುವ ನೀರು ಹೊಯ್ಯುವುದು, ಬ್ರಶ್ಶಿನಲ್ಲಿ ಉಜ್ಜುವುದು ಎಂದೂ ಬೇಡ. ಆ ಹಬೆ ಉಸಿರಾಡಿ ಇಡೀ ಮನೆಯವರು ಆಸ್ಪತ್ರೆ ಸೇರಿದ್ದು ಬೇರೆ ದೇಶಗಳಲ್ಲಿ ಆಗಿದೆ.

ಯಾವ ಗಾಡಿ, ಯಾವ ಹೊತ್ತು, ಯಾವ ದಾರಿ?

ಟಾಟಾ ಏಸ್ ಸಾಕು, ಆದರೆ ಮೀನಿನ ಡಬ್ಬಿಗಳು ನಿಮ್ಮ ಕಾರಿನಲ್ಲೇ ಬರಲಿ. ಮೀನು ಮಾರುವವರ ಹತ್ತಿರ ಸಿಗುವ ಥರ್ಮಾಕೋಲ್ ಪೆಟ್ಟಿಗೆಗಿಂತ ಒಳ್ಳೆಯದು ಇನ್ನೊಂದಿಲ್ಲ, ಆರು ಗಂಟೆ ಉಷ್ಣತೆ ಹಿಡಿದಿಡುತ್ತದೆ. ಹೊಸದೇ ತನ್ನಿ. ಬಕೆಟ್ಟುಗಳೂ ಹೊಸವು, ಮುಚ್ಚಳದವು. ಪೇಂಟಿನ ಬಕೆಟ್ ಎಷ್ಟು ತೊಳೆದರೂ ಬೇಡ. ಮುಕ್ಕಾಲು ಮಾತ್ರ ತುಂಬಿ. ಬ್ಯಾಟರಿ ಏರ್ ಪಂಪ್ ಎರಡು ಇರಲಿ, ಒಂದು ಕೈಕೊಡುತ್ತದೆ ಅಂತಲೇ ಲೆಕ್ಕ.

ಅಂಕೋಲಾ, ಕುಮಟಾ, ದೇವಿಮನೆ ಘಟ್ಟದ ಮೇಲೆ ಶಿರಸಿ: ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು. ನಸುಕಿನಲ್ಲಿ ಹೊರಡಿ. ನಮ್ಮ ಗಾಡಿಯವನು ಐದಕ್ಕೆ ಬರುತ್ತೇನೆಂದು ಎಂಟಕ್ಕೆ ಬಂದ. ಅಷ್ಟು ಹೊತ್ತು ಕಲ್ಲುಗಳು ಬಕೆಟ್ಟಿನಲ್ಲಿ ಕಾದವು. ಗಾಡಿ ಬಾಗಿಲಿಗೆ ಬಂದ ಮೇಲೇ ಮೊದಲ ಕಲ್ಲು ಎತ್ತಿ ಅಂತ ಅದಕ್ಕೇ ಹೇಳುವುದು. ಮಳೆಗಾಲದಲ್ಲಿ ಬೇಡ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆದದ್ದನ್ನು ನಾವೆಲ್ಲ ಕಂಡಿದ್ದೇವೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಪ್ಲಾಸ್ಟಿಕ್ ಚೀಲದಲ್ಲಿ ಆಕ್ಸಿಜನ್ ತುಂಬಿ ಒಯ್ಯುವವರು ಚೀಲ ಬಿರಿಯುವಷ್ಟು ಊದಬೇಡಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಹತ್ತುತ್ತಾ ಹೋದಂತೆ ಚಿಪ್ಸ್ ಪ್ಯಾಕೆಟ್ ಉಬ್ಬುವ ಹಾಗೆ ಇದೂ ಉಬ್ಬುತ್ತದೆ. ಇನ್ನೊಂದು: ಬಿಗಿದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲದ ಡೈ ಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಆಗ ಅಮೋನಿಯಾದ ವಿಷ ಕಡಿಮೆ. ಬಾಯಿ ಬಿಚ್ಚಿದ ಕೂಡಲೇ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಬಿಚ್ಚಿದ ಮೇಲೆ ಗಂಟೆಗಟ್ಟಲೆ ಹನಿ ಹನಿ ನೀರು ಬಿಡುತ್ತಾ ಕೂರಬೇಡಿ. ಬಿಚ್ಚುವ ಮೊದಲು ಚೀಲ ತೇಲಿಸಿ ಉಷ್ಣತೆ ಹೊಂದಿಸಿ, ಆಮೇಲೆ ಬೇಗ ಮೀನನ್ನು ಮಾತ್ರ ದಾಟಿಸಿ.

ಹೊಸ ಮನೆಯಲ್ಲಿ ಟ್ಯಾಂಕ್ ಎಲ್ಲಿಡುವುದು?

250 ಲೀಟರ್ ಉಪ್ಪುನೀರೇ 255 ಕೆಜಿ ಹತ್ತಿರ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ ನಾನೂರು ಕೆಜಿ. ಆರು ಜನ ಆರು ಚದರ ಅಡಿಯಲ್ಲಿ ಹಗಲೂ ರಾತ್ರಿ ನಿಂತ ಹಾಗೆ. ಶಿರಸಿ ಕಡೆಯ ಹಳೇ ಮನೆಗಳ ಮರದ ಮಾಳಿಗೆ ಇದಕ್ಕೆ ಅಲ್ಲ. ನೆಲದ ಮೇಲೆ, ಗೋಡೆಗೆ ತಾಗಿ, ಕಿಟಕಿಯ ಬಿಸಿಲು ಬೀಳದ ಕಡೆ ಇಡಿ. ಕೆಂಪು ಗಾರೆ ನೆಲ ಕಣ್ಣಿಗೆ ಸಮತಟ್ಟಾಗಿ ಕಂಡರೂ ರಸಮಟ್ಟ ಇಟ್ಟು ನೋಡಿ. ಸಿಹಿನೀರು ತುಂಬಿಸಿ ಒಂದು ರಾತ್ರಿ ಸೋರಿಕೆ ಪರೀಕ್ಷೆ ಮಾಡಲು ಸಮಯ ಇದ್ದರೆ ಬಹಳ ಒಳ್ಳೆಯದು.

ಗೃಹಪ್ರವೇಶ ಇದ್ದರೆ ಟ್ಯಾಂಕ್ ಮೊದಲೋ ಹೋಮ ಮೊದಲೋ ಅಂತ ಕೇಳುತ್ತಾರೆ. ಹೋಮ ಮೊದಲು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಹೊಗೆ, ಹೊಸ ಬಣ್ಣದ ವಾಸನೆ, ಸೊಳ್ಳೆ ಔಷಧ ಎಲ್ಲವೂ ಒಳಗೆ ಹೋಗುತ್ತವೆ. ಗೆದ್ದಲಿಗೆ, ಜಿರಳೆಗೆ ಹೊಡೆಯುವ ಔಷಧ ಸೀಗಡಿಗೂ ಜಿರಳೆಗೂ ಭೇದ ಮಾಡುವುದಿಲ್ಲ. ಹಾಗೆಯೇ ಬಚ್ಚಲಿನ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿ ಹೊಯ್ಯಬೇಡಿ. ಸೀಗಡಿ, ಏಡಿ, ಹವಳಗಳಿಗೆ ತಾಮ್ರ ಯಮ.

ತಲುಪಿದ ಮೇಲೆ ಮೊದಲು ಏನು?

ಕರೆಂಟ್ ಇದೆಯಾ ನೋಡಿ. ಆಮೇಲೆ ಸ್ಟ್ಯಾಂಡ್, ಟ್ಯಾಂಕ್, ಕಲ್ಲು, ಮರಳು, ನೀರು, ಪಂಪು, ಹೀಟರ್. ಕಲ್ಲು ಮರಳಿನ ಮೇಲಲ್ಲ, ಗಾಜಿನ ತಳದ ಮೇಲೆ ಭದ್ರವಾಗಿ ಕೂರಬೇಕು, ಮರಳು ಸುತ್ತ. ತಿಳಿಯಾಗಿ, 26 ಡಿಗ್ರಿ, 1.025 ಕೂಡಿ ಬಂದಾಗ ಹವಳ, ಕಟ್ಟಕಡೆಗೆ ಮೀನು. ವೈರುಗಳು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮೇಲೇರಲಿ, ನೀರು ಹರಿದು ಬೋರ್ಡಿಗೆ ಹೋಗದು. ಮನೆಯ ಉಳಿದ ಸಾಮಾನು? ಅದು ನಾಳೆಯ ಕೆಲಸ. ನನ್ನ ಹೆಂಡತಿ ಇದನ್ನು ಇನ್ನೂ ಕ್ಷಮಿಸಿಲ್ಲ.

ಮೊದಲ ಎರಡು ವಾರ?

ದಿನಾ ಅಮೋನಿಯಾ, ನೈಟ್ರೈಟ್ ಪರೀಕ್ಷೆ. ಬಣ್ಣ ಸ್ವಲ್ಪ ತಿರುಗಿದರೂ ಕಾಲು ಭಾಗ ನೀರು ಬದಲಿಸಿ. ಅದಕ್ಕೆ ಉಪ್ಪುನೀರು ಸದಾ ತಯಾರಿರಲಿ. ಮೇವು ಅರ್ಧ. ಬೆಳಕು ದಿನಕ್ಕೆ ನಾಲ್ಕು ಗಂಟೆಯಿಂದ ಶುರು ಮಾಡಿ ಏರಿಸಿ. ಕಂದು ಪಾಚಿ ಬರುತ್ತದೆ, ಹೋಗುತ್ತದೆ. ಹೊಸ ಮೀನು ಒಂದು ತಿಂಗಳು ತರಬೇಡಿ.

ಶಿರಸಿಯ ಹವೆಗೆ ಏನಾದರೂ ಬದಲಾಯಿಸಬೇಕೇ?

ಕಾರವಾರದಲ್ಲಿ ನನ್ನ ಚಿಂತೆ ಸೆಕೆ. ನೀರಿನ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಶಿರಸಿಯ ಡಿಸೆಂಬರ್ ರಾತ್ರಿಗೆ 200 ವ್ಯಾಟಿನ ಹೀಟರ್ ಸಾಲದೆ ಇನ್ನೊಂದು ಹಾಕಿದೆ. ಒಂದೇ ದೊಡ್ಡದಕ್ಕಿಂತ ಎರಡು ಸಣ್ಣವು ಮೇಲು, ಒಂದು ಕೆಟ್ಟರೂ ಇನ್ನೊಂದಿದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ದೇವರೇ ಬಲ್ಲ. ಇನ್ವರ್ಟರಿಗೆ ಲೈಟು ಬೇಡ, ವೇವ್‌ಮೇಕರ್ ಒಂದನ್ನೇ ಕೊಡಿ; ಹವಳ ಕತ್ತಲೆ ತಡೆದುಕೊಳ್ಳುತ್ತದೆ, ಮೀನು ಗಾಳಿಯಿಲ್ಲದೆ ತಡೆಯುವುದಿಲ್ಲ. ಆವಿಯಾದ ನೀರಿಗೆ ಸಿಹಿನೀರನ್ನೇ ತುಂಬಿ, ಉಪ್ಪು ಆವಿಯಾಗುವುದಿಲ್ಲ.

ನೇತ್ರಾಣಿ ದ್ವೀಪದಿಂದ ಒಂದು ತುಂಡು ಹವಳ ತಂದು ಹೊಸ ಟ್ಯಾಂಕಿಗೆ ಹಾಕಿದರೆ?

ಜೈಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಎಲ್ಲ ಕಲ್ಲು ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಇವೆ. ಸಮುದ್ರ ಕುದುರೆಯೂ ಸಮುದ್ರ ಸೌತೆಯೂ ಇವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಮುರ್ಡೇಶ್ವರದಿಂದ ಡೈವಿಂಗಿಗೆ ಹೋಗಿ, ಕಣ್ತುಂಬ ನೋಡಿ, ಖಾಲಿ ಕೈಯಲ್ಲಿ ಬನ್ನಿ.

ಒಯ್ಯಲು ಸಾಧ್ಯವೇ ಇಲ್ಲ. ಮೀನುಗಳನ್ನು ಸಮುದ್ರಕ್ಕೆ ಬಿಟ್ಟುಬಿಡಲೇ?

ಬೇಡ. ಅಂಗಡಿಯ ಮೀನು ಎಲ್ಲಿಯದೋ, ಅದರ ಮೈಯಲ್ಲಿ ಯಾವ ರೋಗವೋ. ಇನ್ನೊಬ್ಬ ಸಾಕುವವನಿಗೆ ಕೊಡಿ, ಅಂಗಡಿಯವನಿಗೆ ಬಿಟ್ಟಿ ಕೊಟ್ಟರೂ ಸರಿ.

ಮತ್ತೆ ವರ್ಗಾವಣೆ ಆದರೆ?

ಅದಕ್ಕೇ ಬಕೆಟ್ಟು, ಮುಚ್ಚಳ, ಥರ್ಮಾಕೋಲ್ ಪೆಟ್ಟಿಗೆ ಬಿಸಾಡಬೇಡಿ. ನನ್ನ ಹದಿನಾಲ್ಕು ಬಕೆಟ್ಟುಗಳು ಅಟ್ಟದ ಮೇಲಿದ್ದವು. ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಅಮ್ಮ ಬಂದು, "ತಮಾ, ನಿನ್ನ ಮೀನಿನ ಬಕೆಟ್ಟು ಗಟ್ಟಿಯಿದ್ದಡ, ಅಪ್ಪೆಮಿಡಿ ಉಪ್ಪಲ್ಲಿ ಹಾಕಲೆ ಎರಡು ಕೊಡ್ತ್ಯ?" ಅಂದರು. ಏಳು, ಎಂಟನೇ ನಂಬರಿನವು ಹೋದವು. ಈಗ ಹನ್ನೆರಡಿವೆ. ಮಿಡಿಯ ಸೊನೆ ಹಿಡಿದ ಬಕೆಟ್ ವಾಪಸ್ಸು ಬಂದರೂ ಅದರಲ್ಲಿ ಕಲ್ಲು ಇಡುವ ಹಾಗಿಲ್ಲ, ಎರಡು ಹೊಸತು ತರಬೇಕು.